ದಿನಾ ನಾಲ್ಕು ನಿಮಿಷ ಮುಂಚೆ

ಫ್ಯಾನ್ ಕೋಣೆ, ಗಣಿಯ ಏಳನೇ ಹಂತ
ಮಾರ್ಚ್ ೧೪

ಪ್ರೀತಿಯ ಮೊಂಡಿ ಮಗಳಿಗೆ,

ನಿನ್ನ ಸೊಂಟನೋವು ಹೇಗಿದೆ? ಹೊಸ ಜಾಗದಲ್ಲಾದರೂ ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯೋ, ಇಲ್ಲ ಬಿಸ್ಕತ್ತಿನಲ್ಲೇ ದಿನ ದೂಡುತ್ತೀಯೋ? ನನ್ನ ಕೆಮ್ಮು ನನ್ನ ಜೊತೆ ಸುಖವಾಗಿದೆ. ಪೇಪರಿನಲ್ಲಿ ಬಂದ ನಿನ್ನ ಫೋಟೋವನ್ನು ಅಮ್ಮ ಫ್ರಿಜ್ಜಿಗೆ ಅಂಟಿಸಿದ್ದಾಳೆ. ಹಾಲು ಬೇಕೆಂದರೂ ನಿನ್ನ ಮುಖ ನೋಡಿಯೇ ತೆಗೆಯಬೇಕು.

ಕತ್ತಲ ವಸ್ತುವಿನ ಕಣ ಹಿಡಿದವಳು ಎಂದು ಬರೆದಿದ್ದಾರೆ. ಯಾರ ಕಣ್ಣಿಗೂ ಬೀಳದ ಆ ಕಣಗಳು ಹಂಸ ನಕ್ಷತ್ರಪುಂಜದ ಕಡೆಯಿಂದ ಗಾಳಿಯ ಹಾಗೆ ಬೀಸುತ್ತವೆ, ಇಲ್ಲೇ ಗಣಿಯಲ್ಲಿಟ್ಟಿದ್ದ ನಿನ್ನ ಅನಿಲದ ಪೆಟ್ಟಿಗೆಯಲ್ಲಿ ಸಣ್ಣ ಗೀರು ಎಳೆಯುತ್ತವೆ, ಗೀರು ಯಾವ ದಿಕ್ಕಿನಿಂದ ಬಂತು ಎನ್ನುವುದೇ ಸಾಕ್ಷಿ. ಊಟದ ಡಬ್ಬಿಯನ್ನು ತಿರುಗಿಸಿ ತಿರುಗಿಸಿ ಇಷ್ಟನ್ನೂ ನನಗೆ ಕಲಿಸಿದವಳು ನೀನೇ. "ಅಪ್ಪಾ, ಹಂಸ ಈ ಗೋಡೆ ಕಡೆಗೆ ದಿನಾ ನಾಲ್ಕು ನಿಮಿಷ ಮುಂಚೆ ಬರುತ್ತೆ" ಅಂದಿದ್ದೆ. ನೀನು ಹೇಳಿದ್ದನ್ನು ನಾನು ಯಾವತ್ತು ಮರೆತಿದ್ದೇನೆ?

ನಾನು ಕನ್ನಡಕ ಎಂದೇ ಕರೆಯುತ್ತಿದ್ದ ನಿನ್ನ ಜೊತೆಗಾರ ಸಭೆಯಲ್ಲಿ ಎದ್ದು ಕೇಳಿದ: ಗಣಿಗೆ ಗಾಳಿ ಹಾಯಿಸುವ ಫ್ಯಾನ್ ನಿಂತಾಗ ಆ ಗೋಡೆಯ ಬಿರುಕಿನಿಂದ ಹೊರಡುವ ವಿಕಿರಣದ ಗಾಳಿಯೂ ಇಂಥ ಗೀರು ಎಳೆಯಬಹುದಲ್ಲ? ನೀನು ನಕ್ಕುಬಿಟ್ಟೆ. ಗೀರುಗಳು ನಡೆಯುವುದು ನಕ್ಷತ್ರದ ಗಂಟೆಗೆ, ಮನುಷ್ಯರ ಗಂಟೆಗಲ್ಲ ಅಂದೆ. "ಫ್ಯಾನ್ ನಿಲ್ಲಿಸೋನಿಗೆ ನಕ್ಷತ್ರದ ಗಂಟೆ ಗೊತ್ತಿರುತ್ತಾ?" ಅಂದೆ. ಎಲ್ಲರೂ ನಕ್ಕರು. ನಾನು ಎಣ್ಣೆ ಡಬ್ಬಿ ಹಿಡಿದು ಬಾಗಿಲಲ್ಲೇ ನಿಂತಿದ್ದೆ, ಮಗಳೇ. ನನ್ನನ್ನು ನೋಡಿಯೂ ಅಪ್ಪ ಎನ್ನಲು ನಿನಗೆ ನಾಚಿಕೆಯಾಯಿತು. ಕನ್ನಡಕನ ಕೆಲಸ ಹೋಯಿತು. ಈಗ ಮನೆಮನೆಗೆ ಹೋಗಿ ಪಾಠ ಹೇಳುತ್ತಾನಂತೆ. ನಾನು ಅವತ್ತೇ ಬಾಯಿ ಬಿಡಬೇಕಿತ್ತು. ಸಿಟ್ಟು, ನಗಲಿ ನಗಲಿ ಎಂದು ಬಾಯಿಗೆ ಬೀಗ ಹಾಕಿಕೊಂಡೆ. ವರ್ಷವಾಯಿತು.

ಈಗ ಅಲ್ಲಿ ಇದರ ಹತ್ತರಷ್ಟು ದೊಡ್ಡ ಪೆಟ್ಟಿಗೆ ಕಟ್ಟಿಸುತ್ತಿದ್ದೀಯಂತೆ. ಸೊಂಟಕ್ಕೆ ಬಿಸಿನೀರಿನ ಶಾಖ ಕೊಡು. ಅಮ್ಮನ ಆಶೀರ್ವಾದ ಮಾಮೂಲಿನಂತೆ ಇದೆ, ನನ್ನದೂ ಅದರಲ್ಲೇ ಸೇರಿದೆ ಎಂದುಕೋ.

ನಿನ್ನ ಅಪ್ಪ,
ಅಂದರೆ ಆ ಫ್ಯಾನಿನವನು

ಮರೆತಿದ್ದೆ: ದಿನಕ್ಕೊಂದು ಗಂಟೆ ಫ್ಯಾನ್ ನಿಲ್ಲಿಸಿ ಎಣ್ಣೆ ಹಾಕಬೇಕು. ಯಾವ ಗಂಟೆ ಎಂದು ಯಾರೂ ಕೇಳುವುದಿಲ್ಲ. ಅದರ ನಡುಕ ನಿನ್ನ ಪೆಟ್ಟಿಗೆಗೆ ತೊಂದರೆ ಕೊಡಬಾರದೆಂದು ಪಾಳಿ ಬದಲಿಸಿಕೊಂಡು, ನಿನ್ನ ಪ್ರಯೋಗ ನಡೆದ ಎರಡು ವರ್ಷವೂ ಹಂಸ ಆ ಗೋಡೆ ಕಡೆಗೆ ಬರುವ ಹೊತ್ತಿಗೇ ನಿಲ್ಲಿಸಿದೆ. ದಿನಾ ನಾಲ್ಕು ನಿಮಿಷ ಮುಂಚೆ. ನಿನ್ನ ಹೊಸ ಜಾಗದಲ್ಲಿ ನಾನಿಲ್ಲ, ಗೀರೂ ಇರುವುದಿಲ್ಲ. ಫ್ಯಾನ್ ನಿಲ್ಲಿಸಿದ ಹೊತ್ತು ಬರೆದಿಟ್ಟ ಪುಸ್ತಕ ಇದರ ಜೊತೆಗಿದೆ, ಇದೊಂದೇ ಪ್ರತಿ. ಕೊನೆಯ ಹಾಳೆಯಲ್ಲಿ ಕನ್ನಡಕನ ವಿಳಾಸ ಇದೆ.