ಹರಕೆ ಹೊತ್ತದ್ದು ಬಸ್ಸಿನಲ್ಲಿ

ಫೆಬ್ರವರಿ 3, ಸೋಮವಾರ. ಡೇರಿ ಮುಗಿಸಿ

ದ್ಯಾವಮ್ಮನ ಹಾಲಿಗೆ ಇವತ್ತೂ ನೀರು. ಮುಖಕ್ಕೇ ಹೇಳಿದೆ. "ನಮ್ಮೆಮ್ಮೆ ನೀರು ಜಾಸ್ತಿ ಕುಡೀತೈತೆ ಕಣವ್ವ" ಅಂದಳು. "ಹಂಗಾದ್ರೆ ನಾಳೆ ಎಮ್ಮೆನೇ ಕರ್ಕೊಂಬಾ, ಕೇಳ್ತೀನಿ" ಅಂದೆ. ಕ್ಯೂನಲ್ಲಿದ್ದವರೆಲ್ಲ ನಕ್ಕರು. ಬಾಯಿ ಇಲ್ಲದಿದ್ದರೆ ಮಾದಿಹಳ್ಳಿ ಡೇರಿಯಲ್ಲಿ ಸೆಕ್ರೆಟರಿ ಕೆಲಸ ಒಂದು ವಾರವೂ ನಡೆಯುವುದಿಲ್ಲ.

ನಗುವಾಗ ಮತ್ತೆ ಎಡಗಣ್ಣಿನ ಹಿಂದೆ ನೋವು. ಹಾಸನದ ಸ್ಕ್ಯಾನ್ ರಿಪೋರ್ಟು ಬಂದಿದೆ. ಮೆದುಳಿನ ರಕ್ತನಾಳ ಒಂದು ಕಡೆ ಬಲೂನಿನ ಹಾಗೆ ಉಬ್ಬಿದೆಯಂತೆ. ಅನ್ಯೂರಿಸಂ. ಒಡೆದಿಲ್ಲ. ಒಡೆದರೆ...

ಇವರು ಒಂದೇ ಸಮನೆ ಗೂಗಲ್ ನೋಡುತ್ತಿದ್ದರು. ಫೋನು ಕಿತ್ತು ಮಗಳು ಸಿರಿ ಕೈಗೆ ಕೊಟ್ಟೆ. ಅವಳೂ ಅದನ್ನೇ ನೋಡುತ್ತಾ ಕೂತಳು.

ಫೆಬ್ರವರಿ 6, ಗುರುವಾರ. ಬೆಂಗಳೂರಿಂದ ಬಂದ ಮೇಲೆ

ಡಾಕ್ಟರ್ ನಂದಿತಾ. ನನಗಿಂತ ಚಿಕ್ಕವರು. ಎಲ್ಲವನ್ನೂ ಇವರಿಗೇ ಹೇಳತೊಡಗಿದರು. "ಮೇಡಂ, ತಲೆ ನಂದು. ಈ ಕಡೆ ತಿರುಗಿ ಹೇಳಿ" ಅಂದೆ. ಇವರು ಮೊಣಕೈಯಲ್ಲಿ ತಿವಿದರು. ಡಾಕ್ಟರ್ ಮಾತ್ರ ಕುರ್ಚಿ ಎಳೆದುಕೊಂಡು ನನ್ನೆದುರು ಬಂದು ಕೂತರು.

ದಾರಿ ಎರಡು. ಒಂದು — ತೊಡೆಯ ರಕ್ತನಾಳದಿಂದ ಸಣ್ಣ ನಳಿಗೆ ತೂರಿಸಿ, ಮೆದುಳಿನ ತನಕ ಒಯ್ದು, ಉಬ್ಬಿನೊಳಗೆ ತಂತಿಯ ಸುರುಳಿ ತುಂಬುವುದು. ಕಾಯಿಲ್. ತಲೆ ತೆರೆಯುವುದಿಲ್ಲ, ಬೇಗ ಮನೆಗೆ. ಇನ್ನೊಂದು — ತಲೆಬುರುಡೆ ತೆರೆದು ಉಬ್ಬಿನ ಕತ್ತಿಗೆ ಹೊರಗಿನಿಂದ ಕ್ಲಿಪ್ ಹಾಕುವುದು.

"ಯಾವುದು ಒಳ್ಳೇದು?"

"ಎಲ್ರಿಗೂ ಒಂದೇ ಉತ್ತರ ಇಲ್ಲ ಕಣ್ರೀ. ತುಂಬಾ ಜನಕ್ಕೆ ಕಾಯಿಲ್ ಸಾಕು. ನಿಮ್ಮ ಉಬ್ಬಿಗೆ ಬಾಯಿ ಅಗಲ, ನಾಳ ಕವಲೊಡೆಯೋ ಜಾಗದಲ್ಲಿದೆ. ಕಾಯಿಲ್ ಹಾಕಿದ್ರೆ ಸ್ಟೆಂಟೂ ಬೇಕಾಗಬಹುದು. ಆಗಾಗ ಬಂದು ನೋಡಿಸ್ತಾ ಇರಬೇಕು, ಕೆಲವ್ರಿಗೆ ಉಬ್ಬಲ್ಲಿ ಮತ್ತೆ ರಕ್ತ ತುಂಬ್ಕೊಳ್ಳುತ್ತೆ. ಕ್ಲಿಪ್ ಅಂದ್ರೆ ದೊಡ್ಡ ಆಪರೇಷನ್, ಸುಧಾರಿಸ್ಕೊಳ್ಳೋಕೆ ವಾರಗಟ್ಲೆ ಬೇಕು. ಆದ್ರೆ ಮತ್ತೆ ಬರೋದು ಕಡಿಮೆ. ಎರಡರಲ್ಲೂ ಅಪಾಯ ಇದೆ. ಎಡಗಡೆ ಇರೋದ್ರಿಂದ ಮಾತಿಗೂ ಪೆಟ್ಟು ಬೀಳಬಹುದು."

ಮಾತಿಗೆ! ಸಾವು ಅಂದಾಗ ಇಷ್ಟು ಹೆದರಿರಲಿಲ್ಲ, ಸುಳ್ಳಲ್ಲ.

ಚನ್ನರಾಯಪಟ್ಟಣ ಬರುವಷ್ಟರಲ್ಲಿ ತೀರ್ಮಾನ ಮಾಡಿದ್ದೆ. ಕ್ಲಿಪ್. ಮತ್ತೆ ಬಂತಾ, ಬಂತಾ ಅಂತ ಕಾಯುತ್ತಾ ಬದುಕುವುದು ನನ್ನ ಕೈಲಾಗದು. ಒಂದೇಟು, ಎರಡು ತುಂಡು.

ಫೆಬ್ರವರಿ 9, ಭಾನುವಾರ

ಬಿಕ್ಕೋಡಿನಿಂದ ಅತ್ತೆಯ ತಮ್ಮ ಕರಿಯಪ್ಪ ಮಾವ ಬಂದರು. ಅವರಿಗೂ ಹಿಂದೆ ಇದೇ ಉಬ್ಬು, ಒಡೆದೇ ಹೋಗಿತ್ತು. ಕಾಯಿಲ್ ಹಾಕಿ ಉಳಿಸಿದರು, ಈಗ ಎಸ್ಟೇಟಿನಲ್ಲಿ ಮೇಸ್ತ್ರಿ ಕೆಲಸಕ್ಕೂ ಹೋಗುತ್ತಾರೆ. ಪಂಚೆ ಸರಿಸಿ ತೊಡೆ ತೋರಿಸಲು ಹೊರಟರು. "ನೋಡವ್ವ, ಒಂದು ಕಲೆನೂ ಇಲ್ಲ."

"ಬ್ಯಾಡ ಮಾವ, ನಂಬ್ದೆ. ನಿಮ್ದು ಸಣ್ಣ ಬಾಯಿ, ನಂದು ಅಗಲ."

"ಅದು ಊರಿಗೇ ಗೊತ್ತೈತೆ" ಅಂದರು ಇವರು.

ಅತ್ತೆ ಹನುಮಮ್ಮನ ಚಿಂತೆಯೇ ಬೇರೆ. "ತಲೆ ಕುಯ್ಯಕೆ ಮೊದ್ಲು ಬೋಳಿಸ್ತಾರೆ. ಗಂಡ ಗುಂಡುಕಲ್ಲಂಗೆ ಕೂತವ್ನೆ, ಮುತ್ತೈದೆ ತಲೆ ಬೋಳಿಸ್ಕತೀಯಾ? ನಾನು ಬದುಕಿರೋಗಂಟ ಆಗಕಿಲ್ಲ."

ಇವರ ತಂದೆ ತೀರಿಕೊಂಡ ದಿನ ಅತ್ತೆ ಮುಡಿಯಿಂದ ಹೂ ತೆಗೆದವರು, ಅಂದಿನಿಂದ ಹೂವನ್ನೇ ಮುಟ್ಟಿಲ್ಲ. ಹಬ್ಬಕ್ಕೆ ನನಗೆ ಹೂ ಕೊಡಬೇಕಾದರೂ ಸಿರಿ ಕೈಯಲ್ಲೇ. ಅವರ ಭಯ ನನಗೆ ಅರ್ಥವಾಗುತ್ತದೆ. ಅರ್ಥವಾಯಿತು ಅಂತ ಒಪ್ಪಲೇಬೇಕೇ?

ಫೆಬ್ರವರಿ 14, ಶುಕ್ರವಾರ

ಇವರು ಆಸ್ಪತ್ರೆಗೆ ಫೋನು ಮಾಡಿ ಕಾಯಿಲ್ ಅಂತ ಹೇಳಿಬಿಟ್ಟಿದ್ದಾರೆ. ನನ್ನನ್ನು ಕೇಳಿಲ್ಲ.

"ಅವ್ವ ಊಟ ಬಿಟ್ಟೈತೆ ಕಣೇ. ನಾನೇನ್ ಮಾಡ್ಲಿ?"

"ಎಮ್ಮೆಗೆ ಇಂಜೆಕ್ಷನ್ ಹಾಕ್ಸೋವಾಗ್ಲೂ ಬೆನ್ನು ಸವರಿ ಒಂದು ಮಾತು ಹೇಳ್ತೀರ. ನನಗೆ ಅದೂ ಇಲ್ವಾ?"

ಇವರು ಎದ್ದು ಕೊಟ್ಟಿಗೆ ಕಡೆ ಹೋದರು. ಕೂದಲು ತಾನೇ ಅಡ್ಡಿ? ನಾಳೆ ಶನಿವಾರ, ವೆಂಕಟರಮಣನ ವಾರ. ಸರಿ.

ಫೆಬ್ರವರಿ 15, ಶನಿವಾರ. ಸಂಜೆ

ಬೆಳಗಿನ ಹಾಲು ಕಳಿಸಿ ಅರಸೀಕೆರೆ ಬಸ್ಸು ಹತ್ತಿದೆ. ಅಲ್ಲಿಂದ ಆಟೋದಲ್ಲಿ ಮಾಲೇಕಲ್ಲು ತಿರುಪತಿ. ಬೆಟ್ಟ ಹತ್ತಲಿಲ್ಲ — ಏದುಸಿರು ಬರುವ ಕೆಲಸ ಬೇಡ ಅಂದಿದ್ದಾರೆ ಡಾಕ್ಟರ್. ಕೆಳಗೇ ಮುಡಿ ಕೊಟ್ಟೆ. "ತುದಿ ಮಾತ್ರನಾ ಅಮ್ಮ, ಪೂರ್ತಿನಾ?" ಅಂದ ಕತ್ತಿ ಹಿಡಿದವನು. ಪೂರ್ತಿ ಅಂದೆ. ಸೊಂಟದವರೆಗಿನ ಜಡೆ. ಅದು ಮಡಿಲಿಗೆ ಬಿದ್ದಾಗ ಮಾತ್ರ ಅಳು ಬಂತು. ಸ್ವಲ್ಪ ಹೊತ್ತು. ಆಮೇಲೆ ತಲೆಗೆ ಗಾಳಿ ತಾಗಿ ಹಾಯೆನಿಸಿತು.

ಸೆರಗು ಹೊದೆಯದೆ ಮನೆಗೆ ಬಂದೆ. ಅತ್ತೆ ಮೊರ ಕೆಳಗಿಟ್ಟರು.

"ಯಾವಾಗ ಹೊತ್ತಿದ್ದೆ ಈ ಹರಕೆಯ?"

"ಬಸ್ಸಲ್ಲಿ. ಬಾಣಾವರ ದಾಟಿದ ಮೇಲೆ. ದೇವ್ರಿಗೆ ಕೊಟ್ಟ ಮುಡಿ ಅತ್ತೆ. ಅಪಶಕುನ ಅನ್ನೋರು ಹೋಗಿ ವೆಂಕಟರಮಣನ್ನೇ ಕೇಳ್ಲಿ."

ಮೊರ ಎತ್ತಿಕೊಂಡು ಒಳಗೆ ಹೋದರು. ದೇವರ ಮುಂದೆ ಯಾರ ಆಟ ನಡೆಯುತ್ತದೆ?

ಇವರ ಕಡೆ ತಿರುಗಿದೆ. "ಈಗ ಫೋನ್ ಮಾಡಿ. ನನ್ನೆದುರಿಗೇ." ಮಾಡಿ, ಕ್ಲಿಪ್ ಅಂತ ಹೇಳಿದರು.

ಫೆಬ್ರವರಿ 16, ಭಾನುವಾರ

ಅತ್ತೆ ಮಾತು ಬಿಟ್ಟಿದ್ದಾರೆ. ಊಟ ಮಾಡಿದರು, ಅಷ್ಟೇ ಸಮಾಧಾನ.

ದ್ಯಾವಮ್ಮ ನನ್ನ ತಲೆ ನೋಡಿ ಲೊಚಗುಟ್ಟಿದಳು. ಅವಳ ಹಾಲಿಗೆ ಇವತ್ತು ನೀರಿಲ್ಲ. ಕನಿಕರ ಇರಬೇಕು.

ಫೆಬ್ರವರಿ 24, ಸೋಮವಾರ. ಆಸ್ಪತ್ರೆ

ಡಾಕ್ಟರ್ ನಂದಿತಾ ನನ್ನ ತಲೆ ನೋಡಿ ನಿಂತೇಬಿಟ್ಟರು. "ಯಾರ್ರೀ ಇದನ್ನ ಬೋಳಿಸಿದ್ದು? ನಾವು ಎರಡು ಬೆರಳು ಅಗಲದ ಪಟ್ಟಿ ಮಾತ್ರ ತೆಗೆಯೋದು. ಮೇಲೆ ಬಾಚ್ಕೊಂಡ್ರೆ ಗೊತ್ತೇ ಆಗಲ್ಲ."

ಇವರು ನನ್ನ ಮುಖ ನೋಡಿದರು, ನಾನು ಇವರ ಮುಖ. ಮನೆಮಂದಿಯೆಲ್ಲ ಕೂದಲಿಗೆ ಕಿತ್ತಾಡಿದೆವು. ಡಾಕ್ಟರನ್ನು ಒಂದು ಮಾತು ಕೇಳೋಣ ಅಂತ ಒಬ್ಬರಿಗೂ ಹೊಳೆಯಲಿಲ್ಲ. ನನಗೂ. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಇವರೂ ನಕ್ಕರು, ಎಷ್ಟೋ ದಿನದ ಮೇಲೆ.

ಪಶ್ಚಾತ್ತಾಪವಿಲ್ಲ. ಕೂದಲು ಬೆಳೆಯುತ್ತದೆ. ಹೆದರಿಕೆ ಇದೆ, ತುಂಬಾ ಇದೆ. ಹೆದರಿಕೊಂಡೇ ಸಹಿ ಹಾಕಿದೆ — ಲತಾಮಣಿ, ಅಂತ ಪೂರ್ತಿ ಹೆಸರು.

ಫೆಬ್ರವರಿ 25, ಮಂಗಳವಾರ. ಬೆಳಿಗ್ಗೆ

ಅತ್ತೆ ಬಂದಿದ್ದಾರೆ! ಸಿರಿಯನ್ನು ಕರೆದುಕೊಂಡು, ಮೊದಲ ಬಸ್ಸಿಗೆ. ಮಾತಿಲ್ಲ ಕತೆಯಿಲ್ಲ, ಚೀಲದಿಂದ ಕನಕಾಂಬರದ ಮಾಲೆ ತೆಗೆದರು. ಸಿರಿ ಕೈಗೆ ಕೊಡಲಿಲ್ಲ. ತಾವೇ ಹಿಡಿದುಕೊಂಡು ನನ್ನ ತಲೆ ನೋಡಿದರು. ಮುಡಿಸಲು ಜಾಗವೆಲ್ಲಿದೆ? ನನ್ನ ಕೈ ಹಿಡಿದೆಳೆದು ಮಣಿಕಟ್ಟಿಗೆ ಸುತ್ತಿ ಗಂಟು ಹಾಕಿದರು.

"ನೀವು ಹೂ ಮುಟ್ಟಬಾರ್ದಲ್ಲ ಅತ್ತೆ?"

"ನೀನು ಬೋಳಿಸ್ಕಬಾರ್ದಾಗಿತ್ತು. ಸುಮ್ಕಿರು."

ಮಾಲೆಯ ಮೇಲೆ ಇನ್ನೊಂದು ಕೈ ಇಟ್ಟುಕೊಂಡೆ.

ಸಿಸ್ಟರ್ ಬಂದರು. ಆಪರೇಷನ್ ರೂಮಿಗೆ ಹೂ ತರುವ ಹಾಗಿಲ್ಲ, ಬಿಚ್ಚಿ ಅಂದರು. ಅತ್ತೆ ಅಡ್ಡ ನಿಂತರು. "ಕುಯ್ಯೋದು ತಲೆ ತಾನೇ? ಕೈ ಮ್ಯಾಲಿನ ಹೂ ನಿಮಗೇನ್ ಮಾಡ್ತದವ್ವ? ಬಿಚ್ಚಕಿಲ್ಲ." ಜಗಳ ಕಾರಿಡಾರಿಗೆ ಕೇಳುತ್ತಿದೆ. ಇವತ್ತು ನನ್ನ ಮಾತು ಹೋದರೂ ಮನೆಯಲ್ಲಿ ಇನ್ನೊಂದು ಬಾಯಿ ಇದೆ.

ಟ್ರಾಲಿ ಬಂತು. ಪೆನ್ನು ಕೊಡಿ ಅಂತಿದ್ದಾರೆ. ಪೆನ್ನು ಕೊಡುತ್ತೇನೆ. ಹೂ ಮಾತ್ರ—