ಅಮ್ಮನ ಅಮ್ಮ

ಮಾರ್ಚ್ 3, ಸೋಮವಾರ. ಮಧ್ಯಾಹ್ನ 1.20, ಅಂಗಡಿ

ಬೆಳಿಗ್ಗೆಯಿಂದ ಏಳು ಜನರ ಕಣ್ಣು ಪರೀಕ್ಷೆ. ಇಬ್ಬರಿಗೆ ನಂಬರ್ ಏರಿದೆ. ಒಬ್ಬ ಮಹಾನುಭಾವ ಕನ್ನಡಕದ ಮೇಲೆ ಕೂತು, "ತಾನಾಗೇ ಬಗ್ಗಿಬಿಡ್ತು ಮೇಡಂ" ಎಂದ. ಕಡ್ಡಿ ನೆಟ್ಟಗೆ ಮಾಡಿ ಕಳಿಸಿದೆ.

ಈಗ ಊಟದ ಡಬ್ಬಿ ಮುಚ್ಚಿಟ್ಟು ಹೊಸ ಫೋನ್ ಎದುರು ಕೂತಿದ್ದೇನೆ. ನಿನ್ನೆ ತಂದದ್ದು. ಇಷ್ಟು ವರ್ಷದಲ್ಲಿ ಮೂರು ಫೋನ್ ಬದಲಿಸಿದ್ದೇನೆ, ಹೊರಗಿನ ಬಣ್ಣ ಬೇರೆ, ಒಳಗೆಲ್ಲ ಒಂದೇ ಆಗಿತ್ತು. ಇದು ಬೇರೆಯದೇ ಲೋಕ. ಹಿಂದಕ್ಕೆ ಹೋಗುವ ಬಟನ್ನೇ ಇಲ್ಲ! ಒಳಗೆ ನುಗ್ಗುವುದು ಸುಲಭ. ಹೊರಗೆ ಬರಲು ಬದಿಯಿಂದ ಉಜ್ಜಬೇಕು, ಕೆಳಗಿನಿಂದ ತಳ್ಳಬೇಕು... ಬೇರೆಯವರ ಅಡುಗೆಮನೆಯಲ್ಲಿ ಉಪ್ಪಿನ ಡಬ್ಬಿ ಹುಡುಕಿದ ಹಾಗೆ. ಮುಖ ತೋರಿಸಿದರೆ ಬೀಗ ತೆರೆಯುತ್ತದಂತೆ. ನನ್ನ ಮುಖ ಮೂರು ಸಲ ನೋಡಿ ಬೇಡ ಎಂದಿತು.

ಬೆಳಿಗ್ಗೆ ಮನೆಯಲ್ಲಿ ನಮ್ಮವರು ಪೇಪರಿನ ಹಿಂದಿನಿಂದಲೇ ಕೇಳಿದ್ದರು. "ಹಳೇದಕ್ಕೆ ಏನಾಗಿತ್ತೇ?"

"ನಿಧಾನ ಆಗಿತ್ತು ರೀ."

ಸುಳ್ಳು. ಹಳೆಯದು ಗುಂಡುಕಲ್ಲಿನ ಹಾಗಿತ್ತು. ಇಲ್ಲಿ ನಿಜ ಬರೆಯಬಹುದು, ಯಾರು ಓದುತ್ತಾರೆ — ಬೀಗಿತ್ತಿಯ ಹತ್ತಿರ ಈ ಫೋನ್ ಇದೆ. ಅಷ್ಟೇ ಕಾರಣ.

ಮಗಳು, ಅಳಿಯ, ಅಳಿಯನ ತಾಯಿ ಒಂದೇ ಮನೆ, ಮೂವರದೂ ಇದೇ ಫೋನ್. ಮೊಮ್ಮಗಳು ಬಟಾಣಿಯ ಫೋಟೊಗಳೆಲ್ಲ ಅವರ 'ಮನೆ ಆಲ್ಬಮ್' ಒಳಗೆ. ಈ ಫೋನ್ ಇಲ್ಲದವರಿಗೆ ಪ್ರವೇಶವಿಲ್ಲ. ನನಗೆ ಬರುತ್ತಿದ್ದದ್ದು ಮಗಳಿಗೆ ನೆನಪಾದಾಗ ಎರಡು, ಅದೂ ಮಸುಕು ಮಸುಕು. ಬಟಾಣಿ ಮೊದಲ ಹೆಜ್ಜೆ ಇಟ್ಟ ವಿಡಿಯೊ ಕೈಸೇರಿದ್ದು ನಾಲ್ಕನೇ ದಿನ. "ಅಯ್ಯೋ ಅಮ್ಮ, ನಿಂಗೆ ಕಳಿಸಿರ್ಲಿಲ್ವಾ?" ಅಷ್ಟರಲ್ಲಿ ಬೀಗಿತ್ತಿ ಅದನ್ನು ಸ್ಟೇಟಸ್ ಹಾಕಿ, ಊರಿಗೆಲ್ಲ ತೋರಿಸಿ, ತೆಗೆದೂ ಆಗಿತ್ತು.

ಇನ್ನು ನೋಡೋಣ.

ಮಾರ್ಚ್ 6, ಗುರುವಾರ

ಮಗಳು ಬಂದು ಆಲ್ಬಮ್‌ಗೆ ಸೇರಿಸಿ ಹೋದಳು. "ಅಮ್ಮ, ಸುಮ್ನೆ ನೋಡು, ಏನೂ ಒತ್ತಬೇಡ" ಎಂದಳು. ದಿನಾ ಮೈಕ್ರೋಸ್ಕೋಪಿನಂಥ ಯಂತ್ರ ತಿರುಗಿಸುವವಳಿಗೆ ಹೇಳುವ ಮಾತೇ ಇದು?

ಫೋಟೊ ಎಷ್ಟು ಸ್ಪಷ್ಟ! ಬಟಾಣಿಯ ರೆಪ್ಪೆ ಎಣಿಸಬಹುದು. ಅರ್ಧ ಗಂಟೆ ಕರಗಿಹೋಗಿದ್ದೆ.

ಆಮೇಲೆ ಕೆಳಗೆ ಸರಿಸಿದೆ. ಈ ಫೋನ್ ಮುಖಗಳನ್ನು ತಾನೇ ಬೇರ್ಪಡಿಸಿ ದುಂಡು ದುಂಡಾಗಿ ಜೋಡಿಸಿಡುತ್ತದೆ. ಕೆಳಗೆ ಅಳಿಯ ಹೆಸರು ಬರೆದಿದ್ದಾನೆ. ಬೀಗಿತ್ತಿಯ ಮುಖದ ಕೆಳಗೆ 'ಅಜ್ಜಿ'. ಎಂಬತ್ತಾರು ಫೋಟೊ. ನನ್ನ ಮುಖದ ಕೆಳಗೆ 'ಅಮ್ಮನ ಅಮ್ಮ'. ಒಂಬತ್ತು. ಅದರಲ್ಲಿ ಒಂದರಲ್ಲಿ ಕಣ್ಣು ಮುಚ್ಚಿದ್ದೇನೆ, ಎರಡರಲ್ಲಿ ಎಲ್ಲೋ ಹಿಂದೆ ತಟ್ಟೆ ಹಿಡಿದು ನಿಂತಿದ್ದೇನೆ.

ಅಮ್ಮನ ಅಮ್ಮ! ಹಾಗಾದರೆ ಅವರು ಅಪ್ಪನ ಅಮ್ಮ ಆಗಬೇಕಿತ್ತಲ್ಲ? ಅವರು ಬರೀ ಅಜ್ಜಿ, ನಾನು ಮಾತ್ರ ವಿಳಾಸ ಹೇಳಿಕೊಂಡು ಬರಬೇಕು.

ಹೊಟ್ಟೆ ಉರಿಯಿತು. ಉರಿಯಿತು ಅಂತಲೇ ಬರೆಯುತ್ತೇನೆ. ಅರವತ್ತರ ಹತ್ತಿರ ಬಂದವಳಿಗೆ ನಾಚಿಕೆ ಆಗಬೇಕು. ಆಗುತ್ತಿಲ್ಲ.

ಮಾರ್ಚ್ 9, ಭಾನುವಾರ. ಮಧ್ಯಾಹ್ನ 3.00

ನಮ್ಮವರು ಗೊರಕೆ. ನಾನು ಆಲ್ಬಮ್.

ಎಲ್ಲಿ ನೋಡಿದರೂ ಅವರೇ. ಬಟಾಣಿಗೆ ಉಣಿಸುತ್ತಾ ಅವರು. ತೊಡೆಯ ಮೇಲೆ ಮಲಗಿಸಿಕೊಂಡು ಅವರು. ಬಟಾಣಿ ಅವರ ಕೆನ್ನೆ ಹಿಂಡುತ್ತಾ ಹಲ್ಲೆರಡು ತೋರಿಸಿ ನಗುತ್ತಿದೆ. ಫೋನ್ ತಾನೇ ಸಂಗೀತ ಹಾಕಿ ಒಂದು ಸಿನಿಮಾ ಬೇರೆ ಮಾಡಿಕೊಟ್ಟಿತು. ಹೆಸರು 'ಅಜ್ಜಿಯ ಜೊತೆ'. ಯಾರು ಕೇಳಿದ್ದರು ಇದನ್ನು?

ನನ್ನ ಫೋನಿನಲ್ಲಿ ಇವರೇಕೆ ಇರಬೇಕು? ಒಂದನ್ನು ಅಳಿಸಿದೆ. ಏನೋ ಸಣ್ಣ ಅಕ್ಷರದಲ್ಲಿ ಕೇಳಿತು. ಕನ್ನಡಕ ಟೀವಿ ಮೇಲಿತ್ತು, ಯಾರು ಏಳುತ್ತಾರೆ. ಕೆಂಪಗಿದ್ದದ್ದನ್ನು ಒತ್ತಿದೆ. ಹೋಯಿತು. ಇನ್ನೊಂದು. ಮತ್ತೊಂದು. ಪ್ರತಿಯೊಂದನ್ನೂ ದೊಡ್ಡದು ಮಾಡಿ, ಚೆನ್ನಾಗಿ ನೋಡಿ, ಆಮೇಲೆ ಅಳಿಸಿದೆ. ಎಂಬತ್ತಾರೂ.

ಮೈ ಹಗುರ. ಎದ್ದು ಕಾಫಿ ಮಾಡಿಕೊಂಡೆ.

ಮಾರ್ಚ್ 10, ಸೋಮವಾರ. ಸಂಜೆ

ಮಗಳ ಫೋನ್. "ಅಮ್ಮ, ಅತ್ತೆ ಏನೋ ಒತ್ತಿ ಫೋಟೊ ಎಲ್ಲಾ ಅಳಿಸಿಬಿಟ್ಟಿದಾರೆ! ಅವರೂ ಪಾಪೂನೂ ಇರೋದು ಒಂದೂ ಇಲ್ಲ. ನನ್ನ ಫೋನಲ್ಲೂ ಇಲ್ಲ, ಇವರ ಫೋನಲ್ಲೂ ಇಲ್ಲ."

ನಿಂತಿದ್ದವಳು ಕೂತೆ.

"ಒಬ್ಬರು ಅಳಿಸಿದ್ರೆ ಎಲ್ಲರದ್ದೂ ಹೋಗುತ್ತಾ?"

"ಹೂಂನಮ್ಮ, ಇದು ನಿನ್ನ ಹಳೇ ಫೋನ್ ಥರ ಅಲ್ಲ. ಎಲ್ಲರದ್ದೂ ಒಂದೇ ಪೆಟ್ಟಿಗೆ. ಅಳಿಸಿದವರ ಫೋನಲ್ಲಿ ಮಾತ್ರ ಮೂವತ್ತು ದಿನ ಕಸದ ಡಬ್ಬೀಲಿ ಇರುತ್ತೆ. ಅತ್ತೆ ಫೋನ್ ತೆಗೆದು ನೋಡಿದ್ವಿ, ಅದೂ ಖಾಲಿ. ಅದನ್ನೂ ಖಾಲಿ ಮಾಡಿದಾರೆ. ಕೇಳಿದ್ರೆ, ನಾನು ಮುಟ್ಟೇ ಇಲ್ಲ ಅಂತ ಅಳ್ತಾರೆ."

ಹೇಳಬೇಕಿತ್ತು. ಬಾಯಿ ತೆರೆದೆ. ಅಷ್ಟರಲ್ಲಿ ಅವಳೇ, "ನಿಂದಂತೂ ನೋಡೋ ಹಾಗೇ ಇಲ್ಲ ಬಿಡು, ನಿಂಗೆ ಇನ್ನೂ ಆಲ್ಬಮ್ ತೆಗೆಯೋಕೇ ಬರಲ್ಲ ಪಾಪ" ಎಂದು ನಕ್ಕಳು.

ನಾನೂ ನಕ್ಕೆ. ಥೂ.

ಮಾರ್ಚ್ 11, ಮಂಗಳವಾರ

ಕಸದ ಡಬ್ಬಿ ಹುಡುಕಿದೆ. ಸಿಕ್ಕಿತು. ಎಂಬತ್ತಾರೂ ಅಲ್ಲೇ. ಪ್ರತಿಯೊಂದರ ಕೆಳಗೆ '28 ದಿನ'.

ನಾಳೆ ಹೇಳುತ್ತೇನೆ.

ಮಾರ್ಚ್ 19, ಬುಧವಾರ

ಬಟಾಣಿ ಇನ್ನು ದಿನವೂ ನಮ್ಮ ಮನೆಗೆ! ಮಗಳೇ ಬಂದು ಕೇಳಿದಳು. ಆಫೀಸಿನಿಂದ ಬರುವವರೆಗೆ ಬಟಾಣಿಯನ್ನು ಅತ್ತೆಯ ಹತ್ತಿರ ಒಂಟಿಯಾಗಿ ಬಿಡಲು ಅವಳಿಗೆ ಧೈರ್ಯವಿಲ್ಲ. ಮೊನ್ನೆ ಹಾಲು ಉಕ್ಕಿಸಿದರಂತೆ. ಬೀಗದ ಕೈ ಎಲ್ಲಿಟ್ಟೆ ಎಂದು ಅರ್ಧ ದಿನ ಹುಡುಕಿದರಂತೆ. "ಅವರ ಅಕ್ಕನಿಗೂ ಹಿಂಗೇ ಶುರುವಾಗಿದ್ದಂತಮ್ಮ. ಕೊನೆಗೆ ಮಕ್ಕಳ ಗುರುತೂ ಸಿಗ್ತಿರ್ಲಿಲ್ಲ. ಫೋಟೊ ವಿಷಯ ಆದ್ಮೇಲೆ ನಮಗೆ ಭಯ."

ಹಾಲು ನಾನೂ ಉಕ್ಕಿಸುತ್ತೇನೆ. ವಾರಕ್ಕೆ ಎರಡು ಸಲ. ಅದನ್ನು ಹೇಳಲಿಲ್ಲ.

ಅಂಗಡಿಯ ಯಜಮಾನರಿಗೆ ಹೇಳಿ ಮಧ್ಯಾಹ್ನದ ಪಾಳಿ ಬಿಟ್ಟೆ. ಬೆಳಿಗ್ಗೆ ಹೊತ್ತು ನಮ್ಮವರು ನೋಡಿಕೊಳ್ಳುತ್ತಾರೆ. ಇವತ್ತು ಬಟಾಣಿ ನನ್ನ ತೊಡೆಯ ಮೇಲೆ ಮಲಗಿತು. ಹನ್ನೆರಡು ಫೋಟೊ ತೆಗೆದು ಆಲ್ಬಮ್‌ಗೆ ಹಾಕಿದೆ. ಇವತ್ತಿನ ಖುಷಿ ಸುಳ್ಳಲ್ಲ. ಅದನ್ನೂ ಬರೆಯಬೇಕು.

ಮಾರ್ಚ್ 26, ಬುಧವಾರ

ವಾರ ಆಯಿತು. ನಲವತ್ತೊಂದು ಫೋಟೊ. ಬೀಗಿತ್ತಿ ಒಂದಕ್ಕೂ ಹೃದಯ ಒತ್ತಿಲ್ಲ. ಫೋನ್ ಮುಟ್ಟುವುದನ್ನೇ ಬಿಟ್ಟಿದ್ದಾರಂತೆ.

ಮಧ್ಯಾಹ್ನ ನಾಲ್ಕಾದರೆ ಸಾಕು, ಬಟಾಣಿ ಬಾಗಿಲ ಹತ್ತಿರ ಹೋಗಿ ನಿಲ್ಲುತ್ತದೆ. "ಅಜ್ಜಿ?" "ಇಲ್ಲೇ ಇದೀನಲ್ಲೋ ಬಂಗಾರಿ." ತಿರುಗಿ ನನ್ನ ನೋಡುತ್ತದೆ. ಮತ್ತೆ ಬಾಗಿಲಿನ ಕಡೆ. "ಅಜ್ಜಿ?"

ನನಗೆ ಕೋಪ ಬಂತು. ಒಂದೂವರೆ ವರ್ಷದ ಮಗುವಿನ ಮೇಲೆ! ಗಂಟೆಗಟ್ಟಲೆ ಕುದುರೆಯಾಗಿ ಬೆನ್ನು ಬಗ್ಗಿಸಿದವಳು ನಾನು, ಕರೆಯುವುದು ಅವರನ್ನು.

ಇವತ್ತು ನನ್ನ ಫೋನ್ ಕಸಿದುಕೊಂಡು ಗಾಜನ್ನು ಉಜ್ಜಿತು. ನನಗಿಂತ ಚೆನ್ನಾಗಿ ಬರುತ್ತದೆ ಅದಕ್ಕೆ. ಅಜ್ಜಿ, ಅಜ್ಜಿ ಎಂದು ಸರಿಸಿತು, ಸರಿಸಿತು. ಬರೀ ನಾನೇ ಬಂದೆ. ತುಟಿ ನಡುಗಿ ಅಳು ಶುರು. ಏನು ಮಾಡಿದರೂ ನಿಲ್ಲಲಿಲ್ಲ. ಕೊನೆಗೆ ಕಸದ ಡಬ್ಬಿ ತೆಗೆದು ಒಂದನ್ನು ತೋರಿಸಿದೆ. ಅಳು ನಿಂತಿತು. ಗಾಜಿಗೆ ಮುತ್ತು ಕೊಟ್ಟಿತು. ಜೊಲ್ಲು ಒರೆಸಿದೆ. ಫೋಟೊದ ಕೆಳಗೆ '13 ದಿನ'.

ಮಾರ್ಚ್ 27, ಗುರುವಾರ. ಬೆಳಿಗ್ಗೆ 6.10

ಎಲ್ಲಾ ವಾಪಸ್ ಹಾಕಿದೆ. ಯಾರಿಗೂ ಹೇಳದೆ. ಒಂದೇ ಗುಂಡಿ, ಎಂಬತ್ತಾರೂ ಆಲ್ಬಮ್‌ನೊಳಗೆ ಹೋಗಿ ಕೂತವು. ಮುಗಿಯಿತು ಗಲಾಟೆ. ಯಾರ ಮಾನವೂ ಹೋಗಲಿಲ್ಲ.

ಮಾರ್ಚ್ 29, ಶನಿವಾರ

ಮುಗಿಯಲಿಲ್ಲ. ಇನ್ನೂ ಕೆಟ್ಟಿತು.

ಮಗಳ ಮುಖ ಸಣ್ಣಗಾಗಿತ್ತು. "ಫೋಟೊ ಎಲ್ಲಾ ವಾಪಸ್ ಬಂದಿದೆ ಅಮ್ಮ. ಅತ್ತೇನೇ ಎಲ್ಲೋ ಬಚ್ಚಿಟ್ಟು ಮತ್ತೆ ಹಾಕಿದಾರೆ. ನೆನಪೇ ಇಲ್ಲ ಅವರಿಗೆ! ಮೊದಲು ಇಲ್ಲ ಇಲ್ಲ ಅಂತಿದ್ರು. ಈಗ 'ನಾನೇ ಮಾಡಿರಬಹುದು ಕಣಮ್ಮ, ನಂಗೆ ಗೊತ್ತಾಗ್ತಿಲ್ಲ' ಅಂತಾರೆ."

ಏನೂ ಮಾಡದವರು 'ನಾನೇ ಮಾಡಿರಬಹುದು' ಎನ್ನುವ ಹಾಗೆ ಮಾಡಿದ್ದೇನೆ.

ಶುಕ್ರವಾರ ನರದ ಡಾಕ್ಟರ ಹತ್ತಿರ ಅಪಾಯಿಂಟ್‌ಮೆಂಟ್. ಅದಕ್ಕೂ ಮೊದಲು ಕಣ್ಣು ಒಂದು ಸಲ ನೋಡಿಸೋಣ ಎಂದಳು. "ನೀನೇ ನೋಡು ಅಮ್ಮ. ನಿನ್ನ ಹತ್ರ ಆದ್ರೆ ಅವರಿಗೂ ಸಂಕೋಚ ಇರಲ್ಲ."

ಏಪ್ರಿಲ್ 2, ಬುಧವಾರ. ಮಧ್ಯಾಹ್ನ 12.45, ಅಂಗಡಿ

ಬಂದು ಹೋದರು. ಬರೆದು ಬಿಡುತ್ತೇನೆ.

ಅಳಿಯ ಬಾಗಿಲಲ್ಲಿ ಇಳಿಸಿ ಹೋದ. ಸೀರೆ ನೀಟಾಗಿತ್ತು, ಮುಖ ಇಳಿದಿತ್ತು. ಮೂರು ವಾರಕ್ಕೆ ಇಷ್ಟು ಸೊರಗುತ್ತಾರಾ? ಯಂತ್ರದ ಮೇಲೆ ಗಲ್ಲ ಇಡಿಸಿದೆ. ಲೈಟ್ ಆರಿಸಿದೆ. ಅಕ್ಷರದ ಬೋರ್ಡ್ ಹಚ್ಚಿದೆ. ದೊಡ್ಡ ಸಾಲು ಓದಿದರು, ಅದರ ಕೆಳಗಿನದು, ಅದರ ಕೆಳಗಿನದು... ಕಟ್ಟಕಡೆಯ ಸಾಲನ್ನೂ ಪಟಪಟ ಓದಿದರು. ಎರಡೂ ಕಣ್ಣು. ಆ ಸಾಲು ನನಗೇ ಕಾಣುವುದಿಲ್ಲ.

"ಕಣ್ಣು ಚೆನ್ನಾಗಿದೆ ಬೀಗ್ರೇ" ಎಂದೆ.

ಸಂತೋಷಪಡುತ್ತಾರೆ ಅಂದುಕೊಂಡಿದ್ದೆ. ಗಲ್ಲ ಎತ್ತಲಿಲ್ಲ. "ಇನ್ನೊಂದ್ಸಲ ನೋಡಿ. ಪೊರೆ ಗಿರೆ ಏನಾದ್ರೂ?"

"ಏನೂ ಇಲ್ಲ."

"ಇದೆ ಅಂತ ಬರೀರಿ." ನನ್ನ ಕೈ ಹಿಡಿದುಕೊಂಡರು. ತಣ್ಣಗಿತ್ತು. "ನಿಮ್ಮ ಕಾಲಿಗೆ ಬೀಳ್ತೀನಿ. ಕಣ್ಣು ಕಾಣದೆ ಏನೋ ಒತ್ತಿದಾರೆ ಅಂತ ಬರೀರಿ. ಇಲ್ದಿದ್ರೆ ತಲೆ ಹೋಗಿದೆ ಅಂತ ಆಗುತ್ತೆ. ಮಗೂನ ಇನ್ನು ಎತ್ಕೊಳ್ಳೋಕೂ ಬಿಡಲ್ಲ. ರಾತ್ರಿ ಮಲಗೋವಾಗ ಮನೇಲಿರೋರ ಹೆಸರೆಲ್ಲ ಒಂದೊಂದಾಗಿ ಹೇಳ್ಕೊಂಡು ಮಲಗ್ತೀನಿ ಬೀಗ್ರೇ, ಬೆಳಿಗ್ಗೆ ನೆನಪಿರಲಿ ಅಂತ. ನಿಮ್ಮ ಹೆಸರೂ ಹೇಳ್ತೀನಿ."

ಇನ್ನು ನನ್ನಿಂದ ಆಗಲಿಲ್ಲ.

"ಅಳಿಸಿದ್ದು ನಾನು."

ಕತ್ತಲೆಯಲ್ಲಿ ಬೋರ್ಡಿನ ಬೆಳಕು ಮಾತ್ರ. ಅವರ ಮುಖದ ಅರ್ಧ ಕಾಣುತ್ತಿತ್ತು.

"ವಾಪಸ್ ಹಾಕಿದ್ದೂ ನಾನೇ. ನನ್ನ ಫೋನಲ್ಲಿ ಮಾತ್ರ ಹೋಗುತ್ತೆ ಅಂದ್ಕೊಂಡಿದ್ದೆ. ನಿಮ್ಮ ಮುಖ ನೋಡೋಕಾಗ್ಲಿಲ್ಲ ನಂಗೆ. ಹೊಟ್ಟೆಕಿಚ್ಚು."

ಆಮೇಲೆ ಕೇಳಿದರು. "ಒಟ್ಟಿಗೆ ಅಳಿಸಿದ್ರಾ, ಒಂದೊಂದಾಗಿ ನೋಡಿ ಅಳಿಸಿದ್ರಾ?"

ಸುಳ್ಳು ಹೇಳಬಹುದಿತ್ತು. "ಒಂದೊಂದಾಗಿ."

"ಹೂಂ" ಎಂದರು. ಗಲ್ಲ ಎತ್ತಿದರು. ಬೈಯುತ್ತಾರೆ, ಎರಡು ಬಾರಿಸುತ್ತಾರೆ ಅಂದುಕೊಂಡೆ. ಬಾರಿಸಿದ್ದರೆ ಚೆನ್ನಾಗಿತ್ತು. ಸೆರಗಿನಿಂದ ಮುಖ ಒರೆಸಿಕೊಂಡು, "ಹಾಗಾದ್ರೆ ನನ್ನ ತಲೆ ಸರಿ ಇದೆ" ಎಂದರು. ನನಗಲ್ಲ, ತಮಗೆ ತಾವೇ. ಎರಡು ಸಲ ಹೇಳಿಕೊಂಡರು.

ಬಾಗಿಲ ಹತ್ತಿರ ನಿಂತು ತಿರುಗಿದರು. "ಮಕ್ಕಳಿಗೆ ನೀವೇ ಹೇಳಬೇಕು. ನಾನು ಹೇಳಿದ್ರೆ ನಂಬಲ್ಲ. ಈಗ ನನ್ನ ಮಾತು ಯಾರೂ ನಂಬಲ್ಲ."

ಅಳಿಯನಿಗೆ ಕಾಯಲಿಲ್ಲ. ಒಬ್ಬರೇ ರಸ್ತೆ ದಾಟಿ ನಡೆದು ಹೋದರು. ಸರಿಯಾದ ದಾರಿಯಲ್ಲೇ.

ಅದೇ ದಿನ. ಸಂಜೆ 6.35

ಬಟಾಣಿ ನನ್ನ ಕಾಲ ಮೇಲೆ ನಿದ್ದೆ. ಕಾಲು ಜೋಮು ಹಿಡಿದಿದೆ, ಅಲ್ಲಾಡಿಸುವುದಿಲ್ಲ. ಹೇಳಿದ ಮೇಲೆ ನಾಳೆ ಇದನ್ನು ಇಲ್ಲಿಗೆ ಕರೆತರುವುದಿಲ್ಲ. ನಾಡಿದ್ದೂ ಇಲ್ಲ. ಎಷ್ಟು ದಿನ ಅಂತ ಯಾವ ಪರದೆಯ ಮೇಲೂ ಬರೆದಿರುವುದಿಲ್ಲ.

ಮೆಸೇಜ್ ಹಾಕಿಬಿಡೋಣ ಎನ್ನಿಸಿತು. ಬೇಡ. ಮುಖ ನೋಡಿ ಹೇಳಬೇಕು.

ಮಧ್ಯಾಹ್ನದಿಂದ ಮಾತು ಜೋಡಿಸುತ್ತಿದ್ದೇನೆ. 'ಹೊಸ ಫೋನ್, ಗೊತ್ತಾಗಲಿಲ್ಲ' ಎಂದು ಶುರು ಮಾಡುವುದಿಲ್ಲ. ಹಾಗೆ ಶುರು ಮಾಡಿದರೆ ಅಲ್ಲಿಗೇ ನಿಲ್ಲಿಸಿಬಿಡುತ್ತೇನೆ, ನನಗೆ ನನ್ನ ಬುದ್ಧಿ ಗೊತ್ತು. ಅಳಿಸಿದ ಮರುದಿನವೇ ಗೊತ್ತಾಗಿತ್ತು. ಆಮೇಲೆ ಇಪ್ಪತ್ಮೂರು ದಿನ ಸುಮ್ಮನಿದ್ದೆ. ಅದನ್ನು ಮೊದಲು ಹೇಳಬೇಕು.

ಗೇಟಿನ ಸದ್ದು. ಬಂದಳು. ನಮ್ಮವರು ಬಾಗಿಲು ತೆಗೆಯುತ್ತಿದ್ದಾರೆ. ಚಪ್ಪಲಿ ಬಿಡುತ್ತಾ ಅಲ್ಲಿಂದಲೇ ಕೂಗುತ್ತಿದ್ದಾಳೆ — "ಅಮ್ಮಾ, ಅತ್ತೆ ಕಣ್ಣು ಏನಾಗಿದೆಯಂತೆ?"

ಕಣ್ಣು ಚೆನ್ನಾಗಿದೆ ಕಣೇ. ತಲೆಯೂ ಚೆನ್ನಾಗಿದೆ. ಆ ಫೋಟೊ ಅಳಿಸಿದ್ದು