ಆಕಾಶದ ಪೆಟ್ಟಿಗೆಗೆ ಒಂದು ಕೊಡ ನೀರು

ದೇವದುರ್ಗ
೧೨ ಜುಲೈ ೧೯೮೭

ಗೆಳೆಯ ಉರುಕುಂದಪ್ಪನಿಗೆ ಜಹೀರುದ್ದೀನನ ಸಲಾಂ.

ನಿನ್ನ ಕಾಗದ ಬಂದು ಎರಡು ತಿಂಗಳಾಯಿತು. ತಡವಾದದ್ದಕ್ಕೆ ಮಾಫಿ ಇರಲಿ. ಮೂರು ಸಲ ಬರೆದೆ, ಮೂರೂ ಸಲ ಬೈಗುಳವೇ ಬಂತು, ಹರಿದು ಹಾಕಿದೆ. ಇದರಲ್ಲಿಯೂ ಬೈಗುಳವಿದೆ, ಆದರೆ ನೀನು ಮನೆಯವರ ಮುಂದೆ ಓದಬಹುದಾದಷ್ಟು. ನಿನ್ನ ಮನೆಯಾಕೆ ಪಾರ್ವತೆಮ್ಮನವರ ಮೊಣಕಾಲು ನೋವು ಹೇಗಿದೆ? ಇಲ್ಲಿ ನಿಮ್ಮ ಓಣಿಯ ಬೇವಿನ ಮರ ಕಡಿದು ರಸ್ತೆ ಅಗಲ ಮಾಡಿದರು. ಬರುವ ವರ್ಷ ನನಗೆ ಶಾಲೆಯಿಂದ ನಿವೃತ್ತಿ. ಸುದ್ದಿ ಇಷ್ಟೇ.

ಇನ್ನು ನೀನು ಕಾಗದದೊಳಗೆ ಮಡಿಸಿಟ್ಟ ಪತ್ರಿಕೆಯ ತುಂಡು. ಫೋಟೋ ಚೆನ್ನಾಗಿ ಬಂದಿದೆ, ಟೈ ಕೂಡ ಕಟ್ಟಿದ್ದೀಯ. ದಿಲ್ಲಿಯಲ್ಲಿ ಖರ್ಚು ನೋಡುವ ಸಮಿತಿಯಲ್ಲಿ ಕುಳಿತು, ನಕ್ಷತ್ರ ನೋಡುವ ಸಣ್ಣ ಉಪಗ್ರಹಕ್ಕೆ ಹಣ ಬೇಡ ಎಂದೆಯಂತೆ. ಒಂದೇ ಮಾತಿಗೆ ಎಲ್ಲರೂ ತಲೆದೂಗಿದರಂತೆ: “ಆ ದುರ್ಬೀನಿನ ಹಣದಲ್ಲಿ ಹತ್ತು ಬಾವಿ ತೋಡಬಹುದು. ನನ್ನ ರಾಯಚೂರು ಜಿಲ್ಲೆಯ ಜನಕ್ಕೆ ಬೇಕಾದದ್ದು ನೀರು, ನಕ್ಷತ್ರವಲ್ಲ.”

ನನ್ನ ಮಗಳು ಉಮ್ಮೇ ಕುಲ್ಸುಮ್ ಬೆಂಗಳೂರಿನಲ್ಲಿ ಐದು ವರ್ಷ ದುಡಿದದ್ದು ಆ ದುರ್ಬೀನಿಗೇ ಎಂದು ನಿನಗೆ ಗೊತ್ತಿತ್ತು. ಅದಕ್ಕೆ ಸಿಟ್ಟಿಲ್ಲ. ಗೆಳೆಯನ ಮಗಳೆಂದು ಸರಕಾರದ ಹಣ ಕೊಡು ಎನ್ನುವವನು ನಾನಲ್ಲ. ನನಗೆ ಮೈ ಉರಿದದ್ದು ನೀನು ನಮ್ಮ ಜನರನ್ನು ಸಾಕ್ಷಿಗೆ ಎಳೆದದ್ದಕ್ಕೆ. ಅವರನ್ನು ನೀನು ಯಾವಾಗ ಕೇಳಿದೆ?

ಕವಿತಾಳದ ಆ ಹೊಲ ಮರೆತೆಯಾ? ಎಂಬತ್ತೆರಡರ ಏಪ್ರಿಲ್. ನೀನು ರಜೆಗೆ ಬಂದಿದ್ದೆ. ಹೈದರಾಬಾದಿನ ಕಡೆಯಿಂದ ನಕ್ಷತ್ರ ನೋಡಲು ಹಾರಿಬಿಟ್ಟ ದೊಡ್ಡ ಬಲೂನಿನ ಪೆಟ್ಟಿಗೆ ಯಮನಮ್ಮನ ಎರಡೆಕರೆ ಹೊಲದಲ್ಲಿ ಬಿದ್ದಿದೆ ಎಂದು ಕೇಳಿ ಇಬ್ಬರೂ ಬಸ್ಸು ಹತ್ತಿ ಹೋದೆವು. ಮುಟ್ಟಬೇಡಿ ಎಂದು ಅದರ ಮೇಲೆ ನಾಲ್ಕು ಭಾಷೆಯಲ್ಲಿ ಬರೆದಿತ್ತು. ಒಂದೂ ಓದಲು ಬಾರದ ಯಮನಮ್ಮ, ಕಳಕೊಂಡವರು ಹುಡುಕುತ್ತ ಬಂದೇ ಬರುತ್ತಾರೆಂದು ಎರಡು ದಿನ ಕಾವಲು ಕೂತಿದ್ದಳು. ಹಳ್ಳದ ಒರತೆಯಿಂದ ಎರಡು ಮೈಲಿ ಹೊತ್ತು ತಂದ ಕೊಡವನ್ನು ನಮ್ಮ ಕಣ್ಣೆದುರೇ ಪೆಟ್ಟಿಗೆಯ ಮೇಲೆ ಸುರಿದಳು. ನಾನು ತಡೆಯಹೋದರೆ, “ಬಿಡ್ರಿ ಮಾಸ್ತರ, ಸೂರ್ಯಾನ ಹತ್ತಿರ ಹೋಗಿ ಬಂದದ. ಮೈ ಎಷ್ಟ ಸುಟ್ಟಿರಬೇಕು” ಎಂದಳು.

ಜೀಪಿನಲ್ಲಿ ಪೆಟ್ಟಿಗೆ ಒಯ್ಯಲು ಬಂದವರಲ್ಲಿ ಕುಲ್ಸುಮಳೂ ಇದ್ದಳು, ಆಗಷ್ಟೇ ಕೆಲಸಕ್ಕೆ ಸೇರಿದವಳು. ಒಳಗಿನ ಫಿಲ್ಮು ನೀರು ಕುಡಿದು ಹಾಳಾಗಿತ್ತು. ಅವಳು ಬೈಯಲಿಲ್ಲ. ಯಮನಮ್ಮನ ಪಕ್ಕ ಕುಳಿತು, ಅಲ್ಲಿ ಮೇಲೆ ಇರುವುದು ಬೆಂಕಿಯಲ್ಲ, ಹಲ್ಲು ಕಟಕಟಿಸುವ ಚಳಿ ಎಂದು ತಿಳಿಸಿದಳು. ಕೆಲವು ನಕ್ಷತ್ರಗಳ ಬೆಳಕನ್ನು ನಮ್ಮ ಗಾಳಿ ನೆಲಕ್ಕೆ ಇಳಿಯಗೊಡುವುದಿಲ್ಲ, ಅದನ್ನು ಮೇಲೆ ಹೋಗಿಯೇ ನೋಡಬೇಕು, ಬಲೂನು ನಾಲ್ಕಾರು ತಾಸಿಗೆ ಬಿದ್ದುಬಿಡುತ್ತದೆ, ಉಪಗ್ರಹವಾದರೆ ಎರಡು ವರ್ಷ ಕಣ್ಣು ಮುಚ್ಚುವುದಿಲ್ಲ ಎಂದಳು. ಯಮನಮ್ಮ ಕೇಳಿದ್ದು ಒಂದೇ, ಹಾಗಾದರೆ ಅದನ್ನು ಯಾವಾಗ ಬಿಡುತ್ತೀ ಎಂದು.

ಈಗ ಅವಳು ಮಾನ್ವಿ ಬಸ್ ನಿಲ್ದಾಣದ ಹೊರಗೆ ಶೇಂಗಾ ಮಾರುತ್ತಾಳೆ. ಕಳೆದ ವಾರ ನಿನ್ನ ಮಾತನ್ನು ಅವಳಿಗೆ ಓದಿ ಹೇಳಿದೆ. ಒಬ್ಬ ಗಿರಾಕಿಗೆ ಅಳೆದುಕೊಟ್ಟು, ಸೆರಗಿಗೆ ಕೈ ಒರೆಸಿಕೊಂಡು ಹೇಳಿದಳು: “ಅದನ್ನ ನಿಂದರಿಸ್ಯಾರಲ್ಲ, ಬಾವಿ ಎಲ್ಲಿ ತೋಡ್ಯಾರ ಕೇಳ್ರಿ. ನಾ ಕೊಡ ತಗೊಂಡು ಹೋಗ್ತೀನಿ.”

ನಾನೂ ಅದನ್ನೇ ಕೇಳುತ್ತೇನೆ. ಬಾವಿ ಎಲ್ಲಿ? ದೊಡ್ಡ ದೇಶಗಳವರು ಕಟ್ಟುವ ದೈತ್ಯ ದುರ್ಬೀನನ್ನು ನಮ್ಮ ಹುಡುಗರು ಕೇಳಿರಲಿಲ್ಲ. ಅವರು ಕೇಳಿದ್ದು ಶಕ್ತಿನಗರದ ವಿದ್ಯುತ್ ಸ್ಥಾವರದ ಒಂದು ಚಿಮಣಿಗೆ ಹಿಡಿಯುವಷ್ಟು, ಅದೂ ಐದು ವರ್ಷಕ್ಕೆ ಹಂಚಿ. ಟೀವಿ ತೋರಿಸುವ ಉಪಗ್ರಹಕ್ಕೆ ಇದರ ಹಲವು ಪಟ್ಟು ಕೊಡುವಾಗ ನಿಮಗೆ ಬಾವಿ ನೆನಪಾಗಲಿಲ್ಲ. ದೊಡ್ಡದನ್ನು ತಡೆಯಲು ಎದೆ ಬೇಕು. ಸಣ್ಣದನ್ನು ಕೊಲ್ಲಲು ನಮ್ಮ ಬಡತನ ಸಾಕಾಯಿತು. ನೀರಡಿಸಿದವನು ತಲೆಯೆತ್ತಬಾರದು ಎಂಬ ಕಾಯಿದೆ ಯಾವ ಕಚೇರಿಯಲ್ಲಿದೆ, ಅದನ್ನೂ ಕತ್ತರಿಸಿ ಕಳಿಸು.

ಆಗಸ್ಟಿನಲ್ಲಿ ಸಮಿತಿ ಮತ್ತೆ ಸೇರುತ್ತದೆ ಎಂದು ಬರೆದಿದ್ದೀಯ. ಹಣ ಕೊಡುವುದು ಬಿಡುವುದು ನಿಮಗೆ ಬಿಟ್ಟದ್ದು. ಆದರೆ ಆ ಮಾತನ್ನು ಕಡತದಿಂದ ತೆಗೆಸು. ಅದು ನಮ್ಮ ಜನರ ಮಾತಲ್ಲ.

ಪಾರ್ವತೆಮ್ಮನವರಿಗೆ ಸಲಾಂ ತಿಳಿಸು. ನಿನ್ನ ಮೊಮ್ಮಗಳಿಗೆ ನನ್ನ ದುವಾ, ಅವಳ ಕಣ್ಣು ದೂರದವರೆಗೆ ಕಾಣಲಿ. ದೇವರು ನಿನಗೂ ಆಯುಸ್ಸು ಕೊಡಲಿ, ಸಿಟ್ಟಿನಲ್ಲಿಯೇ ಹೇಳುತ್ತಿದ್ದೇನೆ.

ನಿನ್ನ
ಜಹೀರುದ್ದೀನ್

ತಾ.ಕ.: ಕುಲ್ಸುಮ್ ಮನೆಗೆ ಬಂದು ಹದಿನೈದು ದಿನವಾಯಿತು, ಮಾತು ಕಡಿಮೆ. ಅವಳಿಗೆ ಸಮಾಧಾನವಾಗಲಿ ಎಂದು ಇದೆಲ್ಲವನ್ನೂ ಗಟ್ಟಿಯಾಗಿ ಓದಿದೆ. ಅವಳು ಪತ್ರಿಕೆಯ ತುಂಡಿನ ಮೇಲೆ ಬೆರಳಿಟ್ಟು, “ಅಬ್ಬಾ, ಯೇ ತುಮಾರೀಚ್ ಬಾತ್ ಹೈ ನಾ?” ಎಂದಳು. ನಿಮ್ಮದೇ ಮಾತಲ್ಲವೇ ಎಂದು. ಉರುಕುಂದಪ್ಪ, ನಾನು ಮೂರು ಕಾಗದ ಹರಿದದ್ದು ಬೈಗುಳಕ್ಕಾಗಿ ಅಲ್ಲ. ಅವತ್ತು ಯಮನಮ್ಮನ ಕೊಡ ಬರಿದಾದದ್ದು ಕಂಡು, ಮಂದಿ ನೆರೆದದ್ದು ಕಂಡು, ನನ್ನ ನಾಲಿಗೆ ತುರಿಸಿತ್ತು. “ಈ ಪೆಟಿಗಿ ರೊಕ್ಕದಾಗ ಹತ್ತು ಬಾವಿ ತೋಡಬಹುದಿತ್ತು. ನಮಗ ಬೇಕಾದದ್ದು ನೀರು, ನಕ್ಷತ್ರ ಅಲ್ಲ” ಎಂದು ಹೇಳಿದವನು ನಾನೇ. ಎಲ್ಲರೂ ನಕ್ಕರು, ನೀನು ಎಲ್ಲರಿಗಿಂತ ಜೋರಾಗಿ. ಮಗಳು ಆಗಲೇ ಜೀಪಿನಿಂದಿಳಿದು ನನ್ನ ಬೆನ್ನ ಹಿಂದೆ ನಿಂತಿದ್ದಳಂತೆ. ಈಗ ಅವಳು ಹಾಗೆ ಕೇಳಿದ ಕೂಡಲೇ, ನಮಾಜಿಗೆ ಹೊತ್ತಾಯಿತೆಂದು ಎದ್ದು ಹೊರಗೆ ಬಂದೆ. ಮಸೀದಿಯಲ್ಲಿ ಬಾಂಗು ಇನ್ನೂ ಕೂಗಿರಲಿಲ್ಲ.